ಬೀಜ ನಮ್ಮದು, ಚಾಕಲೇಟು ಯಾರದು?

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



'ರಫ್ತು ಮತ್ತು ರೈತ' ಎಂಬ ವಿಷಯದ ಮೇಲೆ ನಾಲ್ಕು ಮಾತಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಅಂಕಿಅಂಶ ಓದಿ ನಿಮ್ಮನ್ನು ಊಟಕ್ಕೆ ಕಾಯಿಸುವುದಿಲ್ಲ. ಅಡಿಕೆ ಮರದ ನೆರಳಲ್ಲಿ ನಾವು ಬೆಳೆಯುವ ಕೊಕ್ಕೋವನ್ನೇ ನಂಬಿ ಬದುಕಿದ ಘಾನಾ ದೇಶದ ಕತೆ ಹೇಳುತ್ತೇನೆ.

ಘಾನಾ ಪಶ್ಚಿಮ ಆಫ್ರಿಕಾದ ಉಷ್ಣವಲಯದ ದೇಶ. 1957ರಲ್ಲಿ ಸ್ವಾತಂತ್ರ್ಯ ಬರುವ ತನಕ ಅದರ ಹೆಸರು ಗೋಲ್ಡ್ ಕೋಸ್ಟ್. ಕೊಕ್ಕೋ ಅಲ್ಲಿಯ ಮೂಲ ಬೆಳೆಯಲ್ಲ, ದಕ್ಷಿಣ ಅಮೆರಿಕದ ಗಿಡ. ಆದರೂ 1911ರ ಹೊತ್ತಿಗೆ ಪ್ರಪಂಚದಲ್ಲೇ ಹೆಚ್ಚು ಕೊಕ್ಕೋ ರಫ್ತು ಮಾಡುವ ನಾಡಾಯಿತು. ಬೆಳೆಸಿದವರು ದೊಡ್ಡ ಎಸ್ಟೇಟಿನವರಲ್ಲ. ನಮ್ಮಂಥ ಸಣ್ಣ ಹಿಡುವಳಿದಾರರು.

1937ರಲ್ಲಿ ಅಲ್ಲಿಯ ಐರೋಪ್ಯ ಖರೀದಿ ಕಂಪೆನಿಗಳು ಒಳಗೊಳಗೇ ಮಾತಾಡಿಕೊಂಡು ದರ ಗೊತ್ತುಮಾಡಿಕೊಂಡವು. ಬೆಳೆಗಾರರು ಏನು ಮಾಡಿದರು? ಬೀಜ ಮಾರುವುದನ್ನೇ ನಿಲ್ಲಿಸಿಬಿಟ್ಟರು. ಕಂಪೆನಿಗಳ ಅಂಗಡಿ ಸಾಮಾನನ್ನೂ ಮುಟ್ಟಲಿಲ್ಲ. 1938ರ ಏಪ್ರಿಲ್ ತನಕ ಪಟ್ಟು ಬಿಡಲಿಲ್ಲ. ಕೊನೆಗೆ ಬ್ರಿಟಿಷ್ ಸರ್ಕಾರ ಆಯೋಗ ಕಳಿಸಬೇಕಾಯಿತು. ಒಗ್ಗಟ್ಟಿನ ಬಲ ಅಂದರೆ ಇದು.

ಮುಂದೆ 1947ರಲ್ಲಿ ಸರ್ಕಾರಿ ಮಾರಾಟ ಮಂಡಳಿ ಬಂತು. ಇನ್ನು ಕಷ್ಟ ತೀರಿತು ಅಂತ ಅಂದುಕೊಂಡಿರಾ? ಇಲ್ಲ. ಮಂಡಳಿ ಹೊರದೇಶಕ್ಕೆ ಮಾರಿದ ದರಕ್ಕೂ ರೈತನಿಗೆ ಕೊಟ್ಟ ದರಕ್ಕೂ ಬಹಳ ಅಂತರ. ಬೇಸತ್ತ ರೈತರು ಗಡಿ ದಾಟಿಸಿ ಪಕ್ಕದ ಐವರಿ ಕೋಸ್ಟ್‌ಗೆ ಮಾರಿದರು, ತೋಟ ಹಾಳುಬಿಟ್ಟರು. ಬರಗಾಲ, ಕಾಡ್ಗಿಚ್ಚೂ ಸೇರಿದವು. 1960ರ ದಶಕದ ಮಧ್ಯದಲ್ಲಿ 5 ಲಕ್ಷ ಟನ್ ದಾಟಿದ್ದ ಬೆಳೆ 1983–84ರಲ್ಲಿ 1.6 ಲಕ್ಷ ಟನ್ನಿಗೆ ಕುಸಿಯಿತು. ರೈತನ ಹೆಸರಿನಲ್ಲಿ ಇದ್ದರೆ ಸಾಲದು, ಸಂಸ್ಥೆ ರೈತನಿಗೆ ಲೆಕ್ಕ ಒಪ್ಪಿಸಬೇಕು.

ಇನ್ನು ಕಾರ್ಖಾನೆಯ ಮಾತು. ಒಂದು ಕೊಕ್ಕೋ ತೋಟವೂ ಇಲ್ಲದ ನೆದರ್ಲ್ಯಾಂಡ್ಸ್ ಬೀಜ ಅರೆಯುವ ದೇಶಗಳ ಮುಂಚೂಣಿಯಲ್ಲಿದೆ. ಘಾನಾದ ತೇಮಾ ಬಂದರಿನಲ್ಲೂ ಕಾರ್ಖಾನೆಗಳಿವೆ, ಅಲ್ಲೇ ಚಾಕಲೇಟೂ ಆಗುತ್ತದೆ. ಆದರೂ ದೇಶದಿಂದ ಹೋಗುವುದು ಬಹುಪಾಲು ಬೀಜ, ಇಲ್ಲವೇ ಅರೆದ ಮುದ್ದೆ, ಬೆಣ್ಣೆ, ಪುಡಿ. ಸಕ್ಕರೆ ಹೊರಗಿನಿಂದ ತರಬೇಕು. ಬಿಸಿಲಿಗೆ ಕರಗುವ ಮಾಲಿಗೆ ಶೀತಲ ಗೋದಾಮು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕೊಳ್ಳುವವನು ನಂಬುವ ಹೆಸರು ಬೇಕು. ಲಾಭ ಇರುವುದು ಆ ಕೊನೆಯ ಮೆಟ್ಟಿಲಿನಲ್ಲಿ.

ಆ ಮೆಟ್ಟಿಲು ಹತ್ತಿದವರೂ ಇದ್ದಾರೆ. 1993ರಲ್ಲಿ ಘಾನಾದ ಬೆಳೆಗಾರರು ಕುವಾಪಾ ಕೊಕೋ ಎಂಬ ಸಹಕಾರ ಸಂಘ ಕಟ್ಟಿದರು. 1998ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಒಂದು ಚಾಕಲೇಟು ಕಂಪೆನಿಯಲ್ಲಿ ಈ ಸಂಘವೇ ಪಾಲುದಾರ. ನಮ್ಮಲ್ಲಿ ಅದಕ್ಕೂ ಮೊದಲೇ ಆಗಿದೆ ನೋಡಿ! ಖಾಸಗಿ ಖರೀದಿದಾರರು ಕೈಬಿಟ್ಟು ಕೊಕ್ಕೋ ಗಿಡ ಕಡಿಯುವ ಪರಿಸ್ಥಿತಿ ಬಂದಾಗ, 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು.

2024ರಲ್ಲಿ ನ್ಯೂಯಾರ್ಕಿನಲ್ಲಿ ಕೊಕ್ಕೋ ದರ ಟನ್ನಿಗೆ 10,000 ಡಾಲರ್ ದಾಟಿತು, 2025ರಲ್ಲಿ ಬಹಳಷ್ಟು ಇಳಿಯಿತು. ಘಾನಾ ಮುಂಗಡವಾಗಿ ಮಾರಿಬಿಟ್ಟಿದ್ದರಿಂದ ಅಲ್ಲಿಯ ರೈತನಿಗೆ ಆ ಏರಿಕೆ ಪೂರ್ತಿ ದಕ್ಕಲಿಲ್ಲ. ದರ ಏರಿದಾಗ ಬಾಗಿಲಿಗೇ ಬರುವ ವ್ಯಾಪಾರಿ, ಇಳಿದಾಗ ಫೋನೂ ಎತ್ತುವುದಿಲ್ಲ ಮಾರಾಯ್ರೇ! ಎರಡು ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ಸಂಘ ಬಿಟ್ಟು ಹೋದರೆ, ಇಳಿದ ದಿನ ಕೊಳ್ಳಲು ಸಂಘವೇ ಇರುವುದಿಲ್ಲ.

ನಾಳೆಯೇ ಕಾರ್ಖಾನೆ ಕಟ್ಟೋಣ ಅಂತ ನಾನು ಹೇಳುವುದಿಲ್ಲ. ಒಂದೇ ಮೆಟ್ಟಿಲು ಸಾಕು. ಹಸಿ ಬೀಜವನ್ನು ಒಟ್ಟಾಗಿ ಹುದುಗಿಸಿ, ಒಣಗಿಸಿ, ದರ್ಜೆ ಮಾಡಿ ಸಂಘದ ಹೆಸರಿನಲ್ಲಿ ಕೊಡೋಣ. ಲೆಕ್ಕವನ್ನು ಮಹಾಸಭೆಯಲ್ಲಿ ಬಿಚ್ಚಿಡೋಣ. ಸುವರ್ಣ ಮಹೋತ್ಸವದ ಹೊತ್ತಿಗೆ ನಮ್ಮ ಮಕ್ಕಳು ಮುಂದಿನ ಮೆಟ್ಟಿಲು ಹತ್ತಲಿ.