ಲಿನಕ್ಸ್ ಲ್ಯಾಪ್‌ಟಾಪ್ ಬೂಟ್ ಆಗ್ತಿಲ್ವಾ? ಫಾರ್ಮ್ಯಾಟ್ ಮಾಡೋ ಮುಂಚೆ ಇದನ್ನ ಕೇಳಿ

ಲಿನಕ್ಸ್ ಲ್ಯಾಪ್‌ಟಾಪ್ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಬೂಟ್ ಆಗದೇ ನಿಂತುಬಿಟ್ಟರೆ ಏನು ಮಾಡಬೇಕು? ಇವತ್ತಿನ ಮಾತು ಅದರ ಬಗ್ಗೆ. ನಮ್ಮನೇಲೇ ಆದ ಫಜೀತಿಯಿಂದ ಶುರು ಮಾಡ್ತೀನಿ.

ನಮ್ಮಪ್ಪ ನಿವೃತ್ತ ಮೇಷ್ಟ್ರು. ತೀರ್ಥಹಳ್ಳಿ ಹತ್ತಿರ ಊರಲ್ಲಿದ್ದಾರೆ, ನಾನು ಬೆಂಗಳೂರಲ್ಲಿ. ನನ್ನ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿ ಅವರಿಗೆ ಕೊಟ್ಟಿದ್ದೆ. ಅದರಲ್ಲಿ ಅಪ್ಪ ನಾಲ್ಕು ವರ್ಷದಿಂದ ನಮ್ಮೂರಿನ ಕಥೆ ಬರೀತಿದ್ರು. ಯಾರ ಗದ್ದೆ ಯಾವುದು, ಯಾವ ಕೆರೆ ಯಾವಾಗ ಒಡೀತು, ಅಜ್ಜಿ ಹೇಳ್ತಿದ್ದ ಗಾದೆಗಳು, ಎಲ್ಲ ಸೇರಿ ಮುನ್ನೂರು ಪುಟ. ಸೋಮವಾರ ಪ್ರೆಸ್ಸಿಗೆ ಕೊಡಬೇಕಿತ್ತು. ಶನಿವಾರ ಬೆಳಗ್ಗೆ ಫೋನ್ ಬಂತು. 'ಮಗಾ, ಇದು ಕಪ್ಪಗಾಗಿ ನಿಂತುಬಿಟ್ಟಿದೆ. ಪೇಟೆ ಅಂಗಡಿಗೆ ತಗೊಂಡ್ಹೋಗಿದ್ದೆ, ಫಾರ್ಮ್ಯಾಟ್ ಮಾಡ್ಬೇಕು ಅಂತಾರೆ. ಮಾಡಿಸಲಾ?'

ನನ್ನ ಎದೆ ಧಸಕ್ ಅಂತು. ಯಾಕಂದ್ರೆ ಬ್ಯಾಕಪ್ ಇರಲಿಲ್ಲ. 'ಮುಂದಿನ ಸಲ ಬಂದಾಗ ಮಾಡಿಕೊಡ್ತೀನಿ ಅಪ್ಪ' ಅಂತ ಎರಡು ದೀಪಾವಳಿ ಕಳೆದವನು ನಾನೇ. ಸಾಲದ್ದಕ್ಕೆ ಆ ಡಿಸ್ಕನ್ನ ಎನ್‌ಕ್ರಿಪ್ಟ್ ಮಾಡಿದ್ದೆ. ಅಂಥ ಡಿಸ್ಕಿನ ಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ರೆ ಬೀಗ ತೆಗೆಯೋ ಮಾಹಿತಿ ಇರೋ ಭಾಗವೇ ಅಳಿಸಿಹೋಗಬಹುದು. ಆಮೇಲೆ ಪಾಸ್‌ವರ್ಡ್ ಗೊತ್ತಿದ್ರೂ ಪ್ರಯೋಜನ ಇಲ್ಲ.

'ಮಾಡಿಸಬೇಡಿ, ಮನೆಗೆ ತನ್ನಿ' ಅಂದೆ. ಮನೆಗೆ ಬಂದ ಮೇಲೆ, 'ಪರದೆ ಮೇಲೆ ಏನಿದೆ ಓದಿ' ಅಂದೆ. ಮೇಷ್ಟ್ರಲ್ವಾ, ಒಂದಕ್ಷರ ಬಿಡದೆ ಓದಿದ್ರು. ಕೊನೇ ಸಾಲುಗಳಲ್ಲಿ 'ಕರ್ನಲ್ ಪ್ಯಾನಿಕ್', 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್', ಆಮೇಲೆ 'ಅನ್‌ನೋನ್ ಬ್ಲಾಕ್, ಸೊನ್ನೆ, ಸೊನ್ನೆ'. ಅಷ್ಟು ಕೇಳಿದ ಮೇಲೆ ನನಗೆ ಅರ್ಧ ಜೀವ ಬಂತು.

ಯಾಕೆ ಅಂತ ಹೇಳ್ತೀನಿ. ಲ್ಯಾಪ್‌ಟಾಪ್ ಏಳೋದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ ಏಳುತ್ತೆ. ಅದು ಗ್ರಬ್ ಅನ್ನೋ ಬೂಟ್‌ಲೋಡರನ್ನ ಕರೆಯುತ್ತೆ. ಗ್ರಬ್ಬು ಕರ್ನಲ್ಲನ್ನೂ, ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಸಣ್ಣ ಸಹಾಯಕ ಫೈಲನ್ನೂ ಮೆಮೊರಿಗೆ ತರುತ್ತೆ. ಆ ಸಹಾಯಕನೇ ಡಿಸ್ಕಿನ ಪಾಸ್‌ವರ್ಡ್ ಕೇಳಿ, ಬೀಗ ತೆಗೆದು, ಒಳಗೆ ಬಿಡೋದು. ಅಪ್ಪನ ಪರದೇಲಿ ಕರ್ನಲ್ ಎದ್ದಿದೆ, ಪಾಸ್‌ವರ್ಡ್ ಕೇಳಿಲ್ಲ. ಅಂದ್ರೆ ಆ ಸಹಾಯಕ ಫೈಲೇ ಇಲ್ಲ ಅಥವಾ ಹಾಳಾಗಿದೆ. ಬಾಗಿಲು ತೆಗೆಯೋನು ಬಂದಿಲ್ಲ, ಅಷ್ಟೇ. ಮನೆಯೊಳಗಿನ ಸಾಮಾನು ಹೋಗಿದೆ ಅಂತಲ್ಲ.

ಉಬುಂಟು ಸಾಮಾನ್ಯವಾಗಿ ಹಿಂದಿನ ಕರ್ನಲ್ಲನ್ನೂ ಇಟ್ಟುಕೊಂಡಿರುತ್ತೆ. 'ಆನ್ ಮಾಡಿದ ತಕ್ಷಣ ಎಸ್ಕೇಪ್ ಒತ್ತಿ, ಒಂದೇ ಸಲ' ಅಂದೆ. ಅಪ್ಪ ಗಾಬರೀಲಿ ನಾಲ್ಕು ಸಲ ಒತ್ತಿದ್ರು, ಬರೀ 'ಗ್ರಬ್' ಅಂತ ಬಂದು ಕೂತಿತು. ಮತ್ತೆ ಆಫ್ ಮಾಡಿ ಆನ್. ಈ ಸಲ ಮೆನು ಬಂತು. 'ಅಡ್ವಾನ್ಸ್‌ಡ್ ಆಪ್ಷನ್ಸ್' ಒಳಗೆ ಹೋಗಿ, ಹಳೇ ನಂಬರಿನ ಕರ್ನಲ್ ಆರಿಸಿ, ಎಂಟರ್.

ಆ ಕಡೆ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, 'ಪಾಸ್‌ವರ್ಡ್ ಕೇಳ್ತಿದೆ ಕಣೋ!'

ಲ್ಯಾಪ್‌ಟಾಪ್ ಎದ್ದ ಕೂಡಲೇ ರಿಪೇರಿಗೆ ಕೈ ಹಾಕಬೇಡಿ. ಮೊದಲು ಕಾಪಿ. ಅಪ್ಪ ಪೆನ್‌ಡ್ರೈವ್ ಹಾಕಿ ಪುಸ್ತಕದ ಫೋಲ್ಡರ್ ಪೂರ್ತಿ ಕಾಪಿ ಮಾಡಿದ್ರು, ನನಗೂ ಮೇಲ್ ಮಾಡಿದ್ರು. ಆಮೇಲೇ ಕಾರಣ ಹುಡುಕಿದ್ದು.

ಟರ್ಮಿನಲ್‌ನಲ್ಲಿ 'ಡಿಎಫ್, ಹೈಫನ್ ಎಚ್' ಅಂತ ಕೊಟ್ಟರೆ ಯಾವ ಭಾಗ ಎಷ್ಟು ತುಂಬಿದೆ ಅಂತ ಗೊತ್ತಾಗುತ್ತೆ. ಬೂಟ್ ಅನ್ನೋ ಭಾಗ 100% ತುಂಬಿತ್ತು. ಎನ್‌ಕ್ರಿಪ್ಟ್ ಮಾಡಿದಾಗ ಉಬುಂಟು ಬೂಟ್‌ಗೆ ಬೇರೆಯಾಗಿ ಸಣ್ಣ ಜಾಗ ಇಡುತ್ತೆ. ಅಪ್‌ಡೇಟ್ ಆದಂತೆಲ್ಲ ಕರ್ನಲ್‌ಗಳು ಅಲ್ಲಿ ಸೇರಿಕೊಳ್ಳುತ್ತವೆ. ಹೊಸದು ಬಂದಾಗ ಸಹಾಯಕ ಫೈಲಿಗೆ ಜಾಗ ಸಾಲದೆ ಅರ್ಧಕ್ಕೇ ನಿಂತಿತ್ತು. 'ಯುನೇಮ್, ಹೈಫನ್ ಆರ್' ಕೊಟ್ಟು ಈಗ ಓಡ್ತಿರೋ ಕರ್ನಲ್ ಯಾವುದು ಅಂತ ನೋಡಿಕೊಂಡು, ಅದನ್ನ ಮುಟ್ಟದೆ, ಅದಕ್ಕಿಂತ ಹಳೇದನ್ನ ತೆಗೆದ್ವಿ. ಆಮೇಲೆ ಅರ್ಧಕ್ಕೆ ನಿಂತಿದ್ದ ಅಪ್‌ಡೇಟನ್ನ 'ಡಿಪಿಕೆಜಿ ಕಾನ್ಫಿಗರ್' ಕಮಾಂಡಿನಿಂದ ಮುಗಿಸಿ, 'ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್', 'ಅಪ್‌ಡೇಟ್ ಗ್ರಬ್' ಎರಡನ್ನೂ ಕೊಟ್ವಿ. ರೀಸ್ಟಾರ್ಟ್ ಮಾಡಿದ್ರೆ ಹೊಸ ಕರ್ನಲ್ಲೇ ಸಲೀಸಾಗಿ ಎದ್ದಿತು.

ಹಳೇ ಕರ್ನಲ್ಲೂ ಏಳದಿದ್ರೆ? ಇನ್ನೊಂದು ಕಂಪ್ಯೂಟರಲ್ಲಿ ಉಬುಂಟು ಪೆನ್‌ಡ್ರೈವ್ ತಯಾರು ಮಾಡಿ, ಅದರಿಂದ ಬೂಟ್ ಮಾಡಿ. 'ಟ್ರೈ ಉಬುಂಟು' ಅನ್ನೋದನ್ನೇ ಒತ್ತಿ, 'ಇನ್‌ಸ್ಟಾಲ್' ಒತ್ತಬೇಡಿ. ಅಲ್ಲಿಂದ ನಿಮ್ಮ ಡಿಸ್ಕ್ ತೆರೆದು ಫೈಲ್ ಕಾಪಿ ಮಾಡಿಕೊಳ್ಳಬಹುದು. ಎಫ್‌ಎಸ್‌ಸಿಕೆ ಓಡಿಸಿ ಅಂತ ಯಾರಾದ್ರೂ ಹೇಳಿದ್ರೆ, ಮೌಂಟ್ ಆಗಿರೋ ಡಿಸ್ಕಿನ ಮೇಲೆ ಯಾವತ್ತೂ ಓಡಿಸಬೇಡಿ. ಡಿಸ್ಕೇ ಸಾಯ್ತಿದೆ, ಕಟಕಟ ಸದ್ದು ಬರ್ತಿದೆ ಅನಿಸಿದ್ರೆ ಪದೇ ಪದೇ ಆನ್ ಮಾಡಿ ನೋಡಬೇಡಿ. ಡೇಟಾ ತೆಗೆಯೋದು ಗೊತ್ತಿರೋರ ಹತ್ತಿರ ಕೊಡಿ.

ಬೂಟ್ ಆಗ್ತಿಲ್ಲ ಅನ್ನೋದೂ ಫೈಲ್ ಹೋಯ್ತು ಅನ್ನೋದೂ ಒಂದೇ ಅಲ್ಲ. ಫಾರ್ಮ್ಯಾಟ್ ಎಲ್ಲಕ್ಕಿಂತ ಕೊನೇ ಮಾತು. ಅದಕ್ಕೆ ಮುಂಚೆ ಪರದೆ ಮೇಲಿರೋ ಕೊನೇ ಸಾಲುಗಳನ್ನ ಓದಿ, ಮೊಬೈಲಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಅಪ್ಪನ ಪುಸ್ತಕ ಸೋಮವಾರ ಪ್ರೆಸ್ಸಿಗೆ ಹೋಯ್ತು. ಅದರ ಹಿಂದಿನ ಭಾನುವಾರ ನಾನೇ ಬಸ್ಸು ಹತ್ತಿ ಊರಿಗೆ ಹೋಗಿ, ಒಂದು ಎಕ್ಸ್‌ಟರ್ನಲ್ ಡಿಸ್ಕ್ ಹಾಕಿ, ದಿನಾ ತಾನಾಗೇ ಬ್ಯಾಕಪ್ ಆಗೋ ಹಾಗೆ ಮಾಡಿಬಂದೆ. 'ದೀಪಾವಳಿಗೆ ಇನ್ನೂ ಟೈಮಿತ್ತಲ್ಲೋ' ಅಂದ್ರು ಅಪ್ಪ.

ನೀವೂ ಇವತ್ತೇ ಒಂದು ಕಾಪಿ ಮಾಡಿಟ್ಟುಕೊಳ್ಳಿ.