ಬಾಡಿಗೆ ಬಾಕಿ ಇದ್ದಾಗ ಹೆಣ್ಣು ಎಲ್ಲಿ ಹೋಗಬೇಕು?

(ಬೀದರದಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಮಹಿಳೆ ಮತ್ತು ಕಾನೂನು’ ಎಂಬ ವಿಷಯದ ಮೇಲೆ ಮಾತಾಡಿರಿ ಎಂದು ನನ್ನನ್ನು ಕರೆದಿದ್ದಾರೆ. ಅಷ್ಟು ದೊಡ್ಡ ಭಾರವನ್ನು ನಾನು ಹೊರುವುದಿಲ್ಲ. ಮನೆ ಬಾಡಿಗೆಯ ಬಗ್ಗೆ ಮಾತ್ರ ಮಾತಾಡುತ್ತೇನೆ. ನಮ್ಮ ಕಡೆ ಅದಕ್ಕೆ ಕಿರಾಯಿ ಎನ್ನುತ್ತಾರೆ. ವರದಕ್ಷಿಣೆ, ಹೊಡೆತ-ಬಡಿತದ ಕುರಿತು ಸೇರಿದ ಸಭೆಯಲ್ಲಿ ಕಿರಾಯಿಯ ಮಾತು ಯಾಕೆ ಬಂತು ಎಂದು ಕೆಲವರಿಗೆ ಅನಿಸಬಹುದು. ನಮ್ಮ ಹತ್ತಿರ ದೂರು ಹೊತ್ತು ಬರುವ ಹೆಂಗಸರ ಮಾತನ್ನು ಕೊನೆಯವರೆಗೆ ಕೇಳಿದರೆ ಕಾರಣ ತಿಳಿಯುತ್ತದೆ. ಆಕೆ ಮೊದಲು ಹೇಳುವುದು ಕುಡಿತ, ಹೊಡೆತ, ಅತ್ತೆಯ ಕಾಟ. ಇವೆಲ್ಲ ಮುಗಿದು ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ದನಿ ತಗ್ಗಿಸುತ್ತಾಳೆ: “ಅಕ್ಕಾ, ಮನಿ ಕಿರಾಯಿ ಎರಡು ತಿಂಗಳದ್ದು ಬಾಕಿ ಅದ. ಮಾಲಕರು ದಿನಾ ಬಾಗಿಲಿಗಿ ಬಂದು ನಿಲ್ತಾರ.” ಹೊಡೆತ ತಿಂದದ್ದನ್ನು ಹೇಳುವಾಗ ಇಲ್ಲದ ನಾಚಿಕೆ ಬಾಕಿಯ ಮಾತು ಹೇಳುವಾಗ ಇರುತ್ತದೆ. ತಪ್ಪು ತನ್ನದೇ ಎಂಬಂತೆ.

ಔರಾದ, ಭಾಲ್ಕಿಯ ಹಳ್ಳಿಗಳಲ್ಲಿ ಬಡವರಿಗೂ ಒಂದು ಸೂರು ಇರುತ್ತದೆ, ಸೋರುವ ತಗಡಿನದೇ ಇರಲಿ. ಮಕ್ಕಳ ಸಾಲೆಗೆಂದೋ ಕೂಲಿಗೆಂದೋ ಬೀದರಕ್ಕೆ ಬಂದವರು ಚಿದ್ರಿ, ಮೈಲೂರ, ಗುಂಪಾ, ನೌಬಾದ ಕಡೆಗೆ ಒಂದು ಖೋಲಿ ಹಿಡಿಯುತ್ತಾರೆ. ಗಂಡ ಹೈದರಾಬಾದಿಗೆ ದುಡಿಯಲು ಹೋಗುತ್ತಾನೆ. ಅವನು ಕಳಿಸಿದರೆ ಕಿರಾಯಿ, ಇಲ್ಲದಿದ್ದರೆ ಇಲ್ಲ. ನಾಲ್ಕು ಮನೆಯ ಮುಸುರೆ ತಿಕ್ಕಿ ಅಥವಾ ಹೊಲಿಗೆ ಹಾಕಿ ಹೆಂಡತಿ ಗಳಿಸಿದ್ದು ಅಡುಗೆಗೂ ಮಕ್ಕಳ ಔಷಧಕ್ಕೂ ಸರಿಹೋಗುತ್ತದೆ.

ಇಲ್ಲಿ ಎರಡು ಬಗೆಯ ಬಾಕಿ ಇದೆ, ಅವನ್ನು ನಾವು ಬೇರೆ ಬೇರೆಯಾಗಿ ನೋಡಬೇಕು. ಮಳೆ ಹೋಯಿತು, ಕೆಲಸ ನಿಂತಿತು, ಮಗುವಿಗೆ ಜಡ್ಡು ಬಂತು ಎಂದು ಗಂಡ ಹೆಂಡತಿ ಇಬ್ಬರೂ ಕೂಡಿ ಕಟ್ಟಲಾಗದೆ ಹೋದದ್ದು ಒಂದು. ಇನ್ನೊಂದು, ಕೈಯಲ್ಲಿ ರೊಕ್ಕ ಇದ್ದೂ ಗಂಡಸು ಬೇಕೆಂದೇ ಕಟ್ಟದೆ ಬಿಟ್ಟದ್ದು. ಹೆಂಡತಿಯನ್ನು ಹೊರಹಾಕಲು ಅವನು ತಾನು ಕೈ ಎತ್ತಬೇಕಾಗಿಲ್ಲ. ಮೂರು ತಿಂಗಳು ಕಿರಾಯಿ ನಿಲ್ಲಿಸಿದರೆ ಸಾಕು, ಆ ಕೆಲಸವನ್ನು ಮಾಲಕರು ಮಾಡುತ್ತಾರೆ. ಪೊಲೀಸರ ಮುಂದೆ ತೋರಿಸಲು ಮೈಮೇಲೆ ಬಾಸುಂಡೆಯೂ ಇರುವುದಿಲ್ಲ. ಇದನ್ನು ನಾನು ದೌರ್ಜನ್ಯವೆಂದೇ ಕರೆಯುತ್ತೇನೆ. ಕಾಯ್ದೆಯೂ ಹಾಗೆಯೇ ಕರೆಯುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005, ಆರ್ಥಿಕ ದೌರ್ಜನ್ಯ ಎಂದು ಹೇಳುವ ಕಡೆ, ಕೂಡಿ ಬಾಳುವ ಮನೆಯ ಬಾಡಿಗೆ ಕಟ್ಟದೆ ಇರುವುದನ್ನು ಹೆಸರಿಟ್ಟು ಸೇರಿಸಿದೆ.

ಔರಾದ ತಾಲೂಕಿನ ಒಬ್ಬಾಕೆಯ ವಿಷಯ ಹೇಳುತ್ತೇನೆ, ಹೆಸರು ಬೇಡ. ನೌಬಾದ ಕಡೆ ಒಂದು ಖೋಲಿ, ತಿಂಗಳಿಗೆ ಎರಡೂವರೆ ಸಾವಿರ. ಗಂಡ ಹೈದರಾಬಾದಿನಲ್ಲಿ ಗಾಡಿ ಓಡಿಸುತ್ತಾನೆ. ದೊಡ್ಡ ಮನೆ ಹಿಡಿಯೋಣ, ಡಿಪಾಜಿಟ್ಟಿಗೆ ನಿನ್ನ ಅಪ್ಪನ ಹತ್ತಿರ ಐವತ್ತು ಸಾವಿರ ತಾ ಎಂದ. ಮದುವೆಯಲ್ಲಿ ಹುಂಡಾ ಕೊಟ್ಟೇ ಸಾಲಗಾರನಾದ ಅಪ್ಪ, ಆಗುವುದಿಲ್ಲ ಎಂದ. ಅಲ್ಲಿಂದ ಕಿರಾಯಿ ಬರುವುದು ನಿಂತಿತು. ನಾಲ್ಕನೇ ತಿಂಗಳು ಅವನೇ ಮಾಲಕರಿಗೆ ಫೋನು ಮಾಡಿ, ಆ ಹೆಂಗಸಿಗೂ ನನಗೂ ಸಂಬಂಧವಿಲ್ಲ, ಖಾಲಿ ಮಾಡಿಸಿರಿ ಎಂದು ಹೇಳಿದ.

ಆಕೆ ಬಂದಾಗ ಗಂಟು ಕಟ್ಟಿಕೊಂಡೇ ಬಂದಿದ್ದಳು. ಸಂಜೆಯ ಬಸ್ಸಿಗೆ ತವರಿಗೆ ಹೋಗುವವಳಿದ್ದಳು. ಬೇಡ, ತಿರುಗಿ ಆ ಖೋಲಿಗೇ ಹೋಗು ಎಂದೆವು. ಕಠಿಣವಾಗಿ ಕೇಳಿಸುತ್ತದೆ, ಆದರೆ ಕಾರಣವಿತ್ತು. ಮಕ್ಕಳ ಸಾಲೆಯ ಕಾಗದ, ರೇಷನ್ ಕಾರ್ಡು, ಮದುವೆಯ ಫೋಟೋ, ತವರಿನವರು ಕೊಟ್ಟ ಪಾತ್ರೆ-ಪಡಗ ಎಲ್ಲ ಒಳಗೇ ಇದ್ದವು. ಎರಡನೆಯದಾಗಿ, ಹೆಂಡತಿ ತಾನಾಗಿ ಮನೆ ಬಿಟ್ಟು ಹೋದಳು ಎಂಬ ಮಾತಿಗಾಗಿಯೇ ಗಂಡ ಕಾಯುತ್ತಿರುತ್ತಾನೆ. ಜೀವನಾಂಶದ ಅರ್ಜಿ ಮೊದಲು 125ನೇ ಕಲಮಿನಡಿ ಇತ್ತು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿಗೆ ಬಂದಿದೆ. ಸರಿಯಾದ ಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದವಳಿಗೆ ಜೀವನಾಂಶವಿಲ್ಲ ಎಂಬ ಮಾತು ಅಲ್ಲಿಯೂ ಹಾಗೇ ಇದೆ. ಎದುರು ವಕೀಲ ಹಿಡಿಯುವುದು ಅದೇ ಎಳೆಯನ್ನು.

ಜೀವಕ್ಕೆ ಅಪಾಯವಿದ್ದರೆ ಮಾತ್ರ ಈ ಲೆಕ್ಕ ಯಾವುದೂ ಬೇಡ. ಮಕ್ಕಳನ್ನು ಕರೆದುಕೊಂಡು ಮೊದಲು ಹೊರಗೆ ಬನ್ನಿ, 112ಕ್ಕೋ 181ಕ್ಕೋ ಫೋನು ಮಾಡಿ. ಹೊರಗೆ ಬಂದಾಕ್ಷಣ ವಾಸದ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಈಗ ಆ ಹಕ್ಕಿನ ವಿಷಯ. ಕರಾರುಪತ್ರ ಗಂಡನ ಹೆಸರಿನಲ್ಲಿದೆ, ನನ್ನದೇನೂ ಇಲ್ಲ ಎಂದು ನೂರಕ್ಕೆ ತೊಂಬತ್ತು ಹೆಂಗಸರು ತಿಳಿದಿರುತ್ತಾರೆ. 2005ರ ಕಾಯ್ದೆಯಲ್ಲಿ ‘ಕೂಡಿ ಬಾಳುವ ಮನೆ’ ಎಂದರೆ ಸ್ವಂತ ಮನೆ ಮಾತ್ರವಲ್ಲ, ಕಿರಾಯಿ ಮನೆಯೂ ಹೌದು, ಕರಾರು ಯಾರ ಹೆಸರಿನಲ್ಲೇ ಇರಲಿ. 17ನೇ ಕಲಮು ಅಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. 19ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ಗಂಡನಿಗೆ ಬಾಡಿಗೆ ಕಟ್ಟು ಎಂದು ಆದೇಶಿಸಬಹುದು. ಆ ಮನೆಯಲ್ಲಿ ಇರಲು ಸಾಧ್ಯವಿಲ್ಲದಿದ್ದರೆ ಅಂಥದ್ದೇ ಬೇರೆ ಮನೆ ಮಾಡಿಕೊಡು ಅಥವಾ ಅದರ ಬಾಡಿಗೆ ಕೊಡು ಎನ್ನಬಹುದು. ಅರ್ಜಿಯನ್ನು ಸಂರಕ್ಷಣಾಧಿಕಾರಿಯ ಮೂಲಕ ಹಾಕಬಹುದು. ನಮ್ಮ ರಾಜ್ಯದಲ್ಲಿ ತಾಲೂಕಿನ ಸಿ.ಡಿ.ಪಿ.ಒ.ಗಳಿಗೆ ಈ ಹೊಣೆ ಕೊಟ್ಟಿದ್ದಾರೆ. ಅಂಗನವಾಡಿ ಟೀಚರನ್ನು ಕೇಳಿದರೆ ಆ ಆಫೀಸಿನ ದಾರಿ ಗೊತ್ತಾಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರೂ ಸಿಗುತ್ತಾರೆ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಅದರಲ್ಲಿ ಆದಾಯದ ಮಿತಿ ಇಲ್ಲ. ಅರವತ್ತು ದಿನದಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಕೋರ್ಟಿನ ಗಡಿಯಾರವೇ ಬೇರೆ, ನೀವೆಲ್ಲ ನೋಡಿದ್ದೀರಿ. ಅದಕ್ಕೇ ಮೊದಲ ದಿನವೇ 23ನೇ ಕಲಮಿನಡಿ ಮಧ್ಯಂತರ ಆದೇಶ ಕೇಳಿರಿ ಎಂದು ವಕೀಲರಿಗೆ ಒತ್ತಿ ಹೇಳಬೇಕು.

ಒಂದು ಮಾತನ್ನು ಮುಚ್ಚಿಡಬಾರದು. ಈ ಆದೇಶ ಗಂಡನ ಮೇಲೆ, ಮಾಲಕರ ಮೇಲಲ್ಲ. ಮಾಲಕರು ಬೇರೆ ದಾವೆ ಹಾಕಿದರೆ? ಅದಕ್ಕೆ ಬೆಂಗಳೂರಿನಿಂದಲೇ ಹೋದ ಒಂದು ಪ್ರಕರಣವಿದೆ, ಬಿ.ಪಿ. ಅಚಲಾ ಆನಂದ್ ಪ್ರಕರಣವೆಂದು ವಕೀಲರಿಗೆ ಗೊತ್ತು. ಬಾಡಿಗೆದಾರ ಗಂಡ ದಾವೆಯನ್ನು ಕೈಬಿಟ್ಟು ಕುಳಿತರೆ, ಅವನು ತೊರೆದ ಹೆಂಡತಿ ತಾನೇ ನಿಂತು ವಾದಿಸಬಹುದು ಎಂದು ಸುಪ್ರೀಂ ಕೋರ್ಟು 2005ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಆದರೆ ಗಂಡನಿಗೆ ಇರುವಷ್ಟೇ ಹಕ್ಕು, ಅದಕ್ಕಿಂತ ಹೆಚ್ಚಿಲ್ಲ. ಬಾಡಿಗೆ ಕಟ್ಟಿಯೇ ಇರಬೇಕು. ಈ ದಾರಿ ತೆರೆಸಿದ ಆ ಹೆಣ್ಣುಮಗಳಿಗೇ ಅದರ ಫಲ ಸಿಗಲಿಲ್ಲ. ಅಷ್ಟರಲ್ಲಿ ಒಪ್ಪಿಗೆಯ ವಿಚ್ಛೇದನ ಆಗಿಹೋಗಿತ್ತು, ಹೆಂಡತಿಯಲ್ಲದವಳಿಗೆ ಈ ಹಕ್ಕಿಲ್ಲ ಎಂದಾಯಿತು. ಆದ್ದರಿಂದ ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವ ಮೊದಲು, ಇರಲು ಮನೆ ಯಾವುದು, ಅದರ ಕಿರಾಯಿ ಯಾರು ಕೊಡುತ್ತಾರೆ ಎಂಬುದನ್ನು ಅದೇ ಕಾಗದದಲ್ಲಿ ಬರೆಸಿರಿ. ಚಿನ್ನ, ಸಾಮಾನು ಎಲ್ಲ ಬರೆಸಿ ಇದೊಂದನ್ನು ಬಿಟ್ಟಿರುತ್ತಾರೆ.

ಮಾಲಕರ ಜೊತೆ ವ್ಯವಹಾರ ಹೇಗೆ? ಅವರೆಲ್ಲ ರಾಕ್ಷಸರು ಎಂದು ನಾನು ಹೇಳಲಾರೆ. ಹಳೇ ಊರಿನಲ್ಲಿ ಎರಡು ಖೋಲಿಯ ಕಿರಾಯಿಯ ಮೇಲೆಯೇ ಬದುಕುವ ವಿಧವೆಯರಿದ್ದಾರೆ, ನಮ್ಮ ಬಾಕಿ ಎಂದರೆ ಅವರ ಔಷಧದ ರೊಕ್ಕ. ಹಾಗಾಗಿ ತಾರೀಖು ದಾಟಿದ ಮೇಲೆ ಮುಖ ತಪ್ಪಿಸಿ ತಿರುಗುವುದಕ್ಕಿಂತ ದಾಟುವ ಮೊದಲೇ ಹೋಗಿ, ಇಂಥ ದಿನ ಇಷ್ಟು ಕೊಡುತ್ತೇನೆ ಎನ್ನುವುದು ಒಳ್ಳೆಯದು. ಒಬ್ಬಳೇ ಹೋಗಬೇಡಿ, ಸಂಘದ ಒಬ್ಬರನ್ನು ಕರೆದುಕೊಳ್ಳಿ. ಐನೂರು ರೂಪಾಯಿ ಆದರೂ ಕೈಯಲ್ಲಿಟ್ಟು ಚೀಟಿ ಬರೆಸಿಕೊಳ್ಳಿ. ಫೋನಿನಲ್ಲಿ ಕಳಿಸಿದರೆ ‘ಜೂನ್ ಕಿರಾಯಿ’ ಎಂದು ಬರೆದು ಕಳಿಸಿ, ಅದೇ ನಾಳೆ ಸಾಕ್ಷಿ. ನೀವೇ ಕಟ್ಟುತ್ತಿದ್ದರೆ ಚೀಟಿ ನಿಮ್ಮ ಹೆಸರಿನಲ್ಲೇ ಇರಲಿ. ಬರೆಯದ ಸ್ಟಾಂಪ್ ಕಾಗದದ ಮೇಲೆ ಸಹಿಯಾಗಲಿ ಹೆಬ್ಬೆಟ್ಟಾಗಲಿ ಒತ್ತಬೇಡಿ.

ಬಾಕಿ ಇದೆ ಎಂಬ ಕಾರಣಕ್ಕೆ ಸಾಮಾನು ಬೀದಿಗೆ ಎಸೆಯುವ, ಹೊರಗಿನಿಂದ ಬೀಗ ಜಡಿಯುವ ಅಧಿಕಾರ ಮಾಲಕರಿಗಿಲ್ಲ. ತಿಂಗಳ ಬಾಡಿಗೆಯ ಮನೆಗೆ 1882ರ ಸ್ವತ್ತು ಹಸ್ತಾಂತರ ಕಾಯ್ದೆಯಂತೆ ಹದಿನೈದು ದಿನದ ಲಿಖಿತ ನೋಟಿಸು ಬೇಕು, ಆಮೇಲೂ ಬಿಡಿಸಬೇಕಾದವರು ಕೋರ್ಟಿನವರು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅನ್ವಯಿಸುವ ಮನೆಗಳಲ್ಲಿ ಬಾಕಿಯ ನೋಟಿಸು ಮುಟ್ಟಿದ ಎರಡು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಆ ಕಾರಣಕ್ಕೆ ಬಿಡಿಸಲಾಗದು. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಕೇಳಬಹುದು, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು. ನೋಟಿಸು ಬಂದರೆ ಹೆದರಿ ಒಲೆಗೆ ಹಾಕದೆ ತೆಗೆದುಕೊಂಡು ಬನ್ನಿ.

ಇನ್ನೊಂದು ಮಾತು, ಯಾರೂ ಸಭೆಯಲ್ಲಿ ಎತ್ತುವುದಿಲ್ಲ. ಗಂಡ ದೂರ ಇದ್ದಾನೆ, ಬಾಕಿ ಏರಿದೆ ಎಂದು ತಿಳಿದ ಕೂಡಲೇ “ಕಿರಾಯಿ ಇರಲಿ ಬಿಡು” ಎನ್ನುತ್ತ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯುವ ಗಂಡಸರಿದ್ದಾರೆ. ನನ್ನ ಮುಂದೆ ಹೀಗೆ ಅತ್ತವರು ಒಬ್ಬಿಬ್ಬರಲ್ಲ. ಬಾಕಿ ಇರುವವಳು ಬಾಯಿ ತೆರೆಯುವುದಿಲ್ಲ ಎಂಬ ಧೈರ್ಯ ಅವರಿಗೆ. ಸಾಲ ಸಾಲವೇ, ಅದನ್ನು ರೊಕ್ಕದಲ್ಲಿ ತೀರಿಸೋಣ. ಇದು ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನ ಲೈಂಗಿಕ ಕಿರುಕುಳ, ದೂರು ಕೊಡಲು ಬಾಕಿ ಅಡ್ಡಿಯಲ್ಲ.

ಡಿಪಾಜಿಟ್ಟಿಗಾಗಿ ತವರಿನ ಕಡೆ ಕೈ ಚಾಚಿಸುವುದನ್ನು ಜನ ವರದಕ್ಷಿಣೆ ಎಂದು ಎಣಿಸುವುದೇ ಇಲ್ಲ, ‘ಮಗಳಿಗೇ ತಾನೆ ಮನೆ’ ಎನ್ನುತ್ತಾರೆ. ಮನೆ ಕಟ್ಟಿಸಲು ಸೊಸೆಯ ತವರಿನಿಂದ ಹಣ ಕೇಳುವುದೂ ವರದಕ್ಷಿಣೆಯೇ ಎಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ, ಮಧ್ಯಪ್ರದೇಶದ ಒಬ್ಬ ಸೊಸೆಯ ಸಾವಿನ ಪ್ರಕರಣದಲ್ಲಿ ಹೇಳಿದೆ. ಮನೆ ಹಿಡಿಯಲು ಕೇಳುವುದು ಅದಕ್ಕಿಂತ ಹೇಗೆ ಬೇರೆ ಎಂದು ವಾದಿಸಲು ನಮಗೆ ಅಲ್ಲಿ ಜಾಗವಿದೆ.

ಹಾಗಾದರೆ ಈ ತಿಂಗಳ ಕಿರಾಯಿಗೆ ರೊಕ್ಕ ಎಲ್ಲಿಂದ? ವಾರದ ಕಂತಿನ ಫೈನಾನ್ಸಿನಿಂದ ತಂದು ಕಿರಾಯಿ ಕಟ್ಟಬೇಡಿ. ಕಿರಾಯಿ ಮುಂದಿನ ತಿಂಗಳು ಮತ್ತೆ ಬರುತ್ತದೆ, ಕಂತು ಪ್ರತಿ ವಾರ ಬರುತ್ತದೆ. ಫೈನಾನ್ಸಿನವರ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾಯ್ದೆ ತಂದಿದೆ ನಿಜ, ಆದರೆ ಕಂತು ತಪ್ಪಿದ ದಿನ ಬಾಗಿಲಿಗೆ ಬರುವವರಿಗೆ ಕಾಯ್ದೆ ಓದಿ ಹೇಳುವಷ್ಟು ಪುರಸೊತ್ತು ಯಾರಿಗಿದೆ? 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿದೆ, ಕೆಲವರ ಖೋಲಿಯ ಕಿರಾಯಿ ಹೆಚ್ಚುಕಡಿಮೆ ಅಷ್ಟೇ. ಆದರೆ ಅದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಬರೆದವಳಿಗೆ. ಬಹಳ ಸೊಸೆಯಂದಿರ ಹೆಸರು ಇನ್ನೂ ಊರಿನ ಅತ್ತೆಯ ಕಾರ್ಡಿನಲ್ಲೇ ಇದೆ. ಬೇರೆ ಸಂಸಾರ ಹೂಡಿದ ದಿನವೇ ಕಾರ್ಡು ಬೇರೆ ಮಾಡಿಸಲು ಅರ್ಜಿ ಕೊಡಿ. ಜಗಳ ಶುರುವಾದ ಮೇಲೆ ಹೆಸರು ಬಿಡಿಸಿಕೊಳ್ಳುವುದು ದೊಡ್ಡ ರಗಳೆ.

ಉಳಿದದ್ದು ನಮ್ಮ ಸಂಘಗಳು. ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವುದರಲ್ಲಿ ಬೀದರದ ಡಿ.ಸಿ.ಸಿ. ಬ್ಯಾಂಕು ಹೆಸರು ಮಾಡಿದ ಜಿಲ್ಲೆ ಇದು. ಎಮ್ಮೆಗೆ ಕೊಡುತ್ತೇವೆ, ಮದುವೆಗೂ ಕೊಡುತ್ತೇವೆ. ಗಂಡ ಬಿಟ್ಟವಳ ಎರಡು ತಿಂಗಳ ಕಿರಾಯಿಗೆ ಕೊಡಲು ಮಾತ್ರ “ತಿರುಗಿ ಹ್ಯಾಂಗ ಕೊಡ್ತಾಳ” ಎಂದು ಕೇಳುತ್ತೇವೆ. ಮದುವೆಗೆ ಕೊಟ್ಟದ್ದರಲ್ಲಿ ಎಷ್ಟು ಹುಂಡಾಕ್ಕೆ ಹೋಯಿತು ಎಂದು ನಾವು ಯಾರೂ ಕೇಳಿದ್ದಿಲ್ಲ.

ನೌಬಾದದ ಆಕೆಗೆ ಆಕೆಯ ಭಿಸಿಯ ಹೆಂಗಸರು ಸರದಿ ತಪ್ಪಿಸಿ ಚೀಟಿ ಕೊಟ್ಟರು. ಮೂರು ತಿಂಗಳ ಬಾಕಿ ತೀರಿತು, ಮಾಲಕರು ಚೀಟಿಯನ್ನು ಆಕೆಯ ಹೆಸರಿನಲ್ಲಿ ಬರೆದುಕೊಟ್ಟರು. ಮಧ್ಯಂತರ ಆದೇಶ ಸಿಕ್ಕಲು ಐದು ತಿಂಗಳು ಹಿಡಿಯಿತು. ಗಂಡ ಎರಡು ತಿಂಗಳು ಕಟ್ಟಿ ಮತ್ತೆ ನಿಲ್ಲಿಸಿದ್ದಾನೆ. ವಸೂಲಿಗೆ ಅರ್ಜಿ ಹಾಕಿದ್ದೇವೆ. ಬರುವ ಸೋಮವಾರ ತಾರೀಖಿದೆ. ಹನ್ನೊಂದು ಗಂಟೆಗೆ ಕೋರ್ಟಿನ ಹತ್ತಿರ ಯಾರು ಯಾರು ಬರುತ್ತೀರಿ, ಸಭೆ ಮುಗಿದ ಮೇಲೆ ಹೆಸರು ಕೊಟ್ಟು ಹೋಗಿರಿ.