ನಾಲ್ಕು ಭಾಷೆಯ ಮುಪ್ಪು: ಸೊಲ್ಲಾಪುರ, ಅಕ್ಕಲಕೋಟೆಯ ಹಿರಿಯರ ನೆನಪು ಮತ್ತು ನಂಟು

ಗಡಿಭಾಗದ ಶಾಲೆಗಳಲ್ಲಿ ಕನ್ನಡ ಕಲಿಸುತ್ತಲೇ ಬಾಳು ಸವೆಸಿದ ಗುರುಗಳ ಹೆಸರಿನ ದತ್ತಿ ಉಪನ್ಯಾಸ ಇದು. ಇಲ್ಲಿ ಮುಪ್ಪಿನ ಮನಶ್ಶಾಸ್ತ್ರಕ್ಕೂ ಒಂದು ಸಂಜೆ ಸಿಕ್ಕಿರುವುದು ಆ ಶಾಸ್ತ್ರದ ಭಾಗ್ಯ.

ಮೂಲಪಾಠಗಳು ಎಲ್ಲ ಪುಸ್ತಕಗಳಲ್ಲೂ ಸಿಗುತ್ತವೆ. ಆರೋಗ್ಯಕರ ಮುಪ್ಪು ಎಂದರೆ ಬರೀ ರೋಗವಿಲ್ಲದ ಸ್ಥಿತಿಯಲ್ಲ, ತನಗೆ ಬೇಕೆನಿಸಿದ ಬಾಳನ್ನು ನಡೆಸುವ ಸಾಮರ್ಥ್ಯ ಉಳಿಸಿಕೊಳ್ಳುವುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ತಂಡ 2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗೆ ತೂಗಿದಾಗ, ಗಟ್ಟಿ ನಂಟುಗಳಿದ್ದವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚೆಂದು ಕಂಡಿತು. ಒಂಟಿತನ ಕೆಟ್ಟದ್ದು, ಒಡನಾಟ ಒಳ್ಳೆಯದು. ಇಷ್ಟರ ಬಗ್ಗೆ ಯಾರದೂ ತಕರಾರಿಲ್ಲ.

ತಕರಾರಿರುವುದು ಭಾಷೆಯ ವಿಷಯದಲ್ಲಿ. ಈ ಉಪನ್ಯಾಸದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಅಕ್ಕಲಕೋಟೆಯ ಬಸ್ ನಿಲ್ದಾಣದಲ್ಲಿ ಯಾವ ದಿನ ನಿಂತರೂ ಕಾಣುವ ನೋಟವಿದು. ಮೈಂದರ್ಗಿ ಕಡೆಯ ಅಜ್ಜಿಯೊಬ್ಬಳು ಬದನೆಕಾಯಿಗೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಾಳೆ. ಬಳೆಯವನೊಡನೆ ದಖ್ಖನಿ ಉರ್ದುವಿನಲ್ಲಿ ಜಗಳಕ್ಕೆ ನಿಲ್ಲುತ್ತಾಳೆ. ಕಂಡಕ್ಟರ್ "ಆಜೀ, ಆಧಾರ್ ದಾಖವಾ" (ಅಜ್ಜೀ, ಆಧಾರ್ ತೋರಿಸಿ) ಎಂದರೆ ಸೆರಗಿನ ಗಂಟು ಬಿಚ್ಚುತ್ತ ಮರಾಠಿಯಲ್ಲೇ ಅವನಿಗೆ ಉತ್ತರ ಕೊಡುತ್ತಾಳೆ. ಸೊಲ್ಲಾಪುರಕ್ಕೆ ಹೋದರೆ ಪದ್ಮಶಾಲಿ ಕೇರಿಯ ತೆಲುಗೂ ಕಿವಿಗೆ ಬೀಳುತ್ತದೆ. ಬೀಡಿ ಎಲೆ, ತಂಬಾಕು ತರಲು, ಕಟ್ಟಿದ ಬೀಡಿ ಒಪ್ಪಿಸಲು ಸಾಲಿನಲ್ಲಿ ನಿಲ್ಲುವ ಹೆಂಗಸರ ನಡುವೆ ಮಾತು ಒಂದರಿಂದ ಇನ್ನೊಂದು ಭಾಷೆಗೆ ಸಲೀಸಾಗಿ ಜಾರುತ್ತದೆ.

ಈ ಜಾರಾಟ ಮಿದುಳಿಗೆ ಒಳ್ಳೆಯದೇ? ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಹೈದರಾಬಾದಿನ 648 ಮರೆಗುಳಿ ರೋಗಿಗಳ ದಾಖಲೆ ಪರಿಶೀಲಿಸಿದರು. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗಲಕ್ಷಣ ಸುಮಾರು 4.5 ವರ್ಷ ತಡವಾಗಿ ತೋರಿತ್ತು. ಓದುಬರಹ ಬಾರದವರಲ್ಲೂ ಈ ಅಂತರವಿತ್ತು. ಹಾಗಾಗಿ ಇದು ಶಾಲೆಯ ಫಲವೆಂದು ತಳ್ಳಿಹಾಕುವಂತಿಲ್ಲ. ಟೊರಾಂಟೊದಲ್ಲಿ 2007ರಲ್ಲಿ ಎಲೆನ್ ಬಿಯಾಲಿಸ್ಟಾಕ್ ಕಂಡ ಅಂತರವೂ ನಾಲ್ಕು ವರ್ಷದ ಆಸುಪಾಸಿನದೇ. ಆದರೆ ಅಲ್ಲಿನ ದ್ವಿಭಾಷಿಗಳಲ್ಲಿ ಬಹುಪಾಲು ವಲಸಿಗರು. ಹೈದರಾಬಾದಿನವರು ಹುಟ್ಟಿದ ನೆಲದಲ್ಲೇ ಎರಡು ಭಾಷೆ ಆಡಿದವರು.

ದ್ವಿಭಾಷೆಯ ಈ ಲಾಭವನ್ನು ಒಪ್ಪದ ಎದುರು ಪಕ್ಷದ ವಾದ ಹಗುರವಾದದ್ದಲ್ಲ. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಊರಿನ ಆರೋಗ್ಯವಂತರನ್ನೇ ವರ್ಷಗಟ್ಟಲೆ ಹಿಂಬಾಲಿಸಬೇಕು ಎನ್ನುತ್ತಾರೆ ಅವರು. ನ್ಯೂಯಾರ್ಕಿನ ಉತ್ತರ ಮ್ಯಾನ್‌ಹಟನ್‌ನಲ್ಲಿ ಹಾಗೆ ಹಿಂಬಾಲಿಸಿದ ಸ್ಪ್ಯಾನಿಷ್ ಭಾಷಿಕರಲ್ಲಿ ದ್ವಿಭಾಷೆಯಿಂದ ಮರೆವು ತಡವಾದ ಕುರುಹು ಸಿಗಲಿಲ್ಲ ಎಂದು 2014ರ ವರದಿ ಹೇಳಿತು. ವಿಧಾನದ ಮಟ್ಟಿಗೆ ಅವರ ಮಾತು ಸರಿ. ತೀರ್ಮಾನ ಮಾತ್ರ ಅವಸರದ್ದು. ದೊಡ್ಡವರಾದ ಮೇಲೆ ವಲಸೆ ಬಂದು ಇಂಗ್ಲಿಷ್ ಕಲಿತವರನ್ನು ಅಳೆದ ಗಜದಿಂದ, ಸಂತೆಯಲ್ಲಿ ಮೂರು ಭಾಷೆ ಬೆರೆಸಿ ಆಡುವ ಅಕ್ಕಲಕೋಟೆಯ ಅಜ್ಜಿಯನ್ನು ಅಳೆದರೆ ಹೇಗೆ?

ಬಹುಭಾಷೆಯ ಅಭಿಮಾನಿಗಳಿಗೂ ಒಂದು ಎಚ್ಚರಿಕೆ. ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಹೆಚ್ಚುವರಿ ಲಾಭ ಹೈದರಾಬಾದಿನಲ್ಲೂ ಕಾಣಲಿಲ್ಲ. ಅಂದರೆ ಭಾಷೆಗಳನ್ನು ಬೆರಳು ಮಡಚಿ ಎಣಿಸುವುದರಲ್ಲಿ ಅರ್ಥವಿಲ್ಲ. ಯಾರೊಡನೆ, ಎಷ್ಟು ಸಲ, ಯಾವ ಕೆಲಸಕ್ಕೆ ಆ ಭಾಷೆ ಬಾಯಿಗೆ ಬರುತ್ತದೆ ಎಂಬುದನ್ನು ನೋಡಬೇಕು ಎಂಬುದೇ ಇಲ್ಲಿನ ವಾದ. ಭಾಷೆ ಬಳಕೆಯಲ್ಲಿರಲು ಮುದುಕರು ಮನೆಯಿಂದ ಹೊರಬೀಳಬೇಕು.

"ಮಗನ ಮನೆ ಇದ್ದರೆ ಸಾಕು, ಮುಪ್ಪಿಗೆ ಬೇರೆ ಮದ್ದು ಬೇಡ" ಎನ್ನುವ ಪಂಡಿತರ ಜೊತೆ ಭಿನ್ನಾಭಿಪ್ರಾಯ ಇಲ್ಲೇ ಹುಟ್ಟುತ್ತದೆ. ಪುಣೆಯ ಫ್ಲ್ಯಾಟಿನಲ್ಲಿ ಊಟ, ಔಷಧಿಗೆ ಕೊರತೆಯಿಲ್ಲದಿರಬಹುದು. ಆದರೆ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಯವರು, ನೆರೆಯವರ ಬಾಗಿಲು ಸದಾ ಮುಚ್ಚಿರುತ್ತದೆ. ಚೌಕಾಸಿಯೂ ಇಲ್ಲ, ಜಗಳವೂ ಇಲ್ಲ. ಒಂದೇ ಸೂರಿನಡಿ ಇರುವುದು ಬೇರೆ, ಮಾತಿಗೆ ಬೇಕಾದವಳಾಗಿ ಇರುವುದು ಬೇರೆ. ಮಹಾರಾಷ್ಟ್ರ ಸರ್ಕಾರ 2022ರಲ್ಲಿ 75 ದಾಟಿದವರಿಗೆ ಎಸ್.ಟಿ. ಬಸ್ ಪ್ರಯಾಣ ಉಚಿತ ಮಾಡಿತು. ಅದನ್ನು ಸಾರಿಗೆಯ ಸವಲತ್ತೆಂದು ಮಾತ್ರ ಬರೆದಿಡುವುದು ತಪ್ಪು. ಸೊಲ್ಲಾಪುರದ ಸಿದ್ಧೇಶ್ವರನ ಸಂಕ್ರಾಂತಿ ಜಾತ್ರೆಗೆ, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ, ತಂಗಿಯ ಮನೆಗೆ ಹೊರಡುವ ಮುದುಕಿಗೆ ಅದು ಮಾನಸಿಕ ಆರೋಗ್ಯದ ಯೋಜನೆಯೂ ಹೌದು. ಕೊರತೆ ಒಂದೇ: ಮಗಳನ್ನು ಕಲಬುರಗಿ, ವಿಜಯಪುರದ ಕಡೆ ಕೊಟ್ಟವರಿಗೆ ಆ ಸವಲತ್ತು ರಾಜ್ಯದ ಗಡಿಗೆ ಮುಗಿಯುತ್ತದೆ.

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು ಇಲ್ಲಿ ನೆನೆಯದಿರಲಾಗದು. 1912ರಲ್ಲಿ ಹುಟ್ಟಿ ಕನ್ನಡ, ಮರಾಠಿ ಎರಡರಲ್ಲೂ ಬರೆದ ಅವರು 1974ರಲ್ಲಿ, ಅರವತ್ತು ದಾಟಿದ ಮೇಲೆ, ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಒಬ್ಬರ ಬಾಳು ಸಿದ್ಧಾಂತಕ್ಕೆ ಪುರಾವೆಯಲ್ಲ. ಆದರೂ ಎರಡು ಭಾಷೆಯಲ್ಲಿ ತೊಡಗಿಕೊಂಡ ಮುಪ್ಪು ಹೇಗಿರುತ್ತದೆಂದು ಈ ಊರಿಗೆ ಗೊತ್ತು.

ಉಳಿದದ್ದು ಪರೀಕ್ಷೆಯ ಪ್ರಶ್ನೆ. ನೆನಪಿನ ಪರೀಕ್ಷೆಯಲ್ಲಿ "ಇದು ಯಾವ ತಿಂಗಳು?" ಎಂದು ಮರಾಠಿಯಲ್ಲಿ ಕೇಳಿದಾಗ ಕನ್ನಡದ ಅಜ್ಜಿ ಒಂದು ಗಳಿಗೆ ತಡೆದು "ಶ್ರಾವಣ" ಎಂದರೆ, ಆಗಸ್ಟ್ ಎಂಬ ಉತ್ತರ ಕಾಯುತ್ತಿರುವವನು ಅಂಕ ಕಳೆಯುವ ಅಪಾಯವಿದೆ. ಹರಿಯಾಣದ ಬಲ್ಲಬ್‌ಗಢದಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಅಕ್ಷರ ಬಾರದ ಹಿರಿಯರಿಗಾಗಿಯೇ ಹಿಂದಿಯಲ್ಲಿ ಪ್ರಶ್ನೆಪಟ್ಟಿ ಹೊಂದಿಸಿ 1995ರಲ್ಲಿ ಪ್ರಕಟಿಸಿದರು. ಗಡಿಭಾಗಕ್ಕೂ ಅಂಥದ್ದು ಬೇಕು. ಎದುರು ಪಕ್ಷ ಕೇಳುವ ದೀರ್ಘಾವಧಿ ಅಧ್ಯಯನವೂ ಈ ಎರಡು ಊರುಗಳಲ್ಲೇ ಆಗಲಿ. ಅದರ ನಮೂನೆಯಲ್ಲಿ "ಮಾತೃಭಾಷೆ" ಎಂಬ ಒಂಟಿ ಕಾಲಂ ಸಾಲದು. ಕಳೆದ ವಾರ ಯಾವ ಭಾಷೆಯಲ್ಲಿ, ಯಾರೊಡನೆ, ಎಲ್ಲಿ ಮಾತಾಡಿದಿರಿ ಎಂದು ಕೇಳಬೇಕು. ಕೇಳುವವರು ಆ ಭಾಷೆಗಳನ್ನು ಬಲ್ಲವರಾಗಿರಬೇಕು. ದತ್ತಿಯ ಗುರುಗಳು ಓದಿಸಿದ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಆ ಕೆಲಸಕ್ಕೆ ಜನ ಇಲ್ಲೇ ಸಿಗುತ್ತಾರೆ.